ಫೈಲು ಇದೆ, ಅಕ್ಷರ ಎಲ್ಲಿ ಹೋಯ್ತು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ರಕ್ಷಣಾ ಪರಿಷ್ಕರಣೆಗಳು ನಿಂತವು. 2015ರಲ್ಲಿ ಬಂದು ಹತ್ತು ವರ್ಷ ದುಡಿದ ವ್ಯವಸ್ಥೆ ಅದು. ಆ ದಿನ ಯಾವ ಕಂಪ್ಯೂಟರೂ ಆರಿಹೋಗಲಿಲ್ಲ. ಮರುದಿನವೂ ಎಂದಿನಂತೆ ಓಡಿದವು. ನೋಂದಾಯಿಸಿಕೊಂಡ ಮನೆಬಳಕೆಯ ಕಂಪ್ಯೂಟರುಗಳಿಗೆ ಇನ್ನೊಂದು ವರ್ಷದ ವಾಯಿದೆಯೂ ಸಿಕ್ಕಿತು. ಆದರೆ ವಾಯಿದೆ ಅಂದರೆ ವಾಯಿದೆಯೇ. ಇವತ್ತಲ್ಲ ನಾಳೆ ಹೊಸ ವ್ಯವಸ್ಥೆಗೆ ಹೋಗಲೇಬೇಕು. ಕೊಯಮತ್ತೂರಿನ ಡಿಟಿಪಿ ಅಂಗಡಿ, ತಿರುಪ್ಪೂರಿನ ಬನಿಯನ್ ಕಂಪನಿ, ಶಾಲೆಯ ಕಂಪ್ಯೂಟರ್ ಕೊಠಡಿ, ಎಲ್ಲ ಕಡೆಯೂ ಇದೇ ಕಥೆ.

ಹೊಸ ಓಎಸ್ ಹಾಕಿಸಿಕೊಂಡು ಬಂದವರ ಬಾಯಲ್ಲಿ ಕೇಳಿಬರುವ ಮಾತೂ ಹೆಚ್ಚುಕಮ್ಮಿ ಒಂದೇ: "ಫೈಲೆಲ್ಲಾ ಇದೆ ಸಾರ್, ಆದ್ರೆ ಯಾವುದೂ ಸರಿಯಾಗಿ ತೆರೀತಿಲ್ಲ!"

ಫೈಲು ಇದ್ದೂ ತೆರೆಯುವುದಿಲ್ಲ ಅಂದರೆ ಏನು? ಅದಕ್ಕೆ ಕಂಪ್ಯೂಟರಿನೊಳಗೆ ಯಾರ್ಯಾರು ವಾಸವಾಗಿದ್ದಾರೆ ಅಂತ ಮೊದಲು ನೋಡಬೇಕು. ವಿಂಡೋಸ್, ಲಿನಕ್ಸ್, ಮ್ಯಾಕ್ ಇವು ಕಾರ್ಯಾಚರಣಾ ವ್ಯವಸ್ಥೆಗಳು. ಮನೆ ಕಟ್ಟಿಕೊಟ್ಟವರು ಅವರು. ಮನೆಯಲ್ಲಿ ಇರುವವರು ನಾವು. ಈ ಎರಡೂ ಅಲ್ಲದ ಮೂರನೆಯವರು ಮಾಡಿಕೊಟ್ಟ ತಂತ್ರಾಂಶಗಳು ಇನ್ನೊಂದಿಷ್ಟು. ಕನ್ನಡ ಟೈಪ್ ಮಾಡುವ ನುಡಿ, ಬರಹ, ಲೆಕ್ಕಪತ್ರದ ತಂತ್ರಾಂಶ, ಕಸೂತಿ ಯಂತ್ರಕ್ಕೆ ವಿನ್ಯಾಸ ಬರೆಯುವ ತಂತ್ರಾಂಶ ಎಲ್ಲ ಈ ಗುಂಪಿನವು. ಮನೆ ಕೆಡವಿ ಕಟ್ಟುವಾಗ ಕಟ್ಟುವವರು ತಮ್ಮ ಗೋಡೆ ಬಾಗಿಲಿನ ಜವಾಬ್ದಾರಿ ಹೊರುತ್ತಾರೆ. ನಮ್ಮ ಪೆಟ್ಟಿಗೆಗಳನ್ನು ಹೇಗೋ ಉಳಿಸಿಕೊಡುತ್ತಾರೆ. ಮೂರನೆಯವರು ಗೋಡೆಗೆ ಹೊಡೆದ ಮೊಳೆಗಳ ಲೆಕ್ಕ ಅವರ ಬಳಿ ಇರುವುದಿಲ್ಲ.

"ಹಾಗಾದ್ರೆ ಆ ತಂತ್ರಾಂಶದ ಫೋಲ್ಡರನ್ನೇ ಪೆನ್‌ಡ್ರೈವಿಗೆ ಹಾಕಿಕೊಂಡು, ಆಮೇಲೆ ವಾಪಸ್ ಇಟ್ಟರೆ ಸಾಲದೇ?" ಎಂದು ತರಗತಿಯಲ್ಲಿ ಯಾರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸಾಲದು.

ಕೊಯಮತ್ತೂರು ಸೀಮೆಯಲ್ಲಿ ಮನೆಮಾತು ಕನ್ನಡವಾಗಿರುವ ದೇವಾಂಗ ನೇಕಾರರ ಮನೆಗಳಿವೆ. ಗುಂಡಿ ಮಗ್ಗ ನೋಡಿದವರಿಗೆ ಗೊತ್ತು: ನೇಯುವವರು ನೆಲದಲ್ಲಿ ತೋಡಿದ ಗುಂಡಿಗೆ ಕಾಲಿಳಿಸಿ ಕುಳಿತು, ಕೆಳಗಿನ ಹಲಗೆಗಳನ್ನು ಕಾಲಿನಿಂದ ಒತ್ತುತ್ತಾರೆ. ಮೇಲೆ ತೊಲೆಯಿಂದ ಹಗ್ಗಗಳು ಇಳಿದಿರುತ್ತವೆ. ಹಾಸಿನ ನೂಲು ಆ ತುದಿಯಿಂದ ಈ ತುದಿಗೆ ಬಿಗಿದಿರುತ್ತದೆ. ಈಗ ಮನೆ ಬದಲಾಯಿಸಬೇಕು ಅನ್ನಿ. ಮಗ್ಗದ ಮರವನ್ನು ಗಾಡಿಗೆ ಹಾಕಿಕೊಂಡು ಹೋಗಬಹುದು. ಗುಂಡಿಯನ್ನು ಹೇಗೆ ಒಯ್ಯುತ್ತೀರಿ? ತೊಲೆಯನ್ನು? ಮಗ್ಗ ಅಂದರೆ ಬರೀ ಮರವಲ್ಲ, ಮರಕ್ಕೂ ಮನೆಗೂ ಇರುವ ಕಟ್ಟುಗಳೆಲ್ಲ ಸೇರಿಯೇ ಮಗ್ಗ.

ತಂತ್ರಾಂಶವೂ ಹೀಗೆ. ಅದನ್ನು ಇನ್‌ಸ್ಟಾಲ್ ಮಾಡುವಾಗ ತನ್ನ ಫೋಲ್ಡರಿನಲ್ಲಿ ಒಂದಿಷ್ಟು ಇಡುತ್ತದೆ. ಇನ್ನಷ್ಟನ್ನು ವ್ಯವಸ್ಥೆಯ ಫೋಲ್ಡರುಗಳಿಗೆ ಸೇರಿಸುತ್ತದೆ. ಅಕ್ಷರಶೈಲಿಗಳನ್ನು, ಅಂದರೆ ಫಾಂಟುಗಳನ್ನು, ಫಾಂಟುಗಳ ಫೋಲ್ಡರಿಗೆ ಹಾಕುತ್ತದೆ. 'ನಾನು ಇಲ್ಲಿದ್ದೇನೆ, ಈ ಬಗೆಯ ಫೈಲು ಬಂದರೆ ನನ್ನನ್ನು ಕರೆ' ಎಂದು ರಿಜಿಸ್ಟ್ರಿ ಎಂಬ ದಾಖಲೆ ಪುಸ್ತಕದಲ್ಲಿ ಬರೆಸುತ್ತದೆ. ಪೆನ್‌ಡ್ರೈವಿನಲ್ಲಿ ಬರುವುದು ಮರ ಮಾತ್ರ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಓಎಸ್ ಬದಲಾಯಿಸುವುದಕ್ಕೆ ಎರಡು ದಾರಿಗಳಿವೆ. ಹಳೆಯದರ ಮೇಲೆಯೇ ಹೊಸದನ್ನು ಏರಿಸುವುದು ಒಂದು. ಆಗ ತಂತ್ರಾಂಶಗಳನ್ನೂ ಅವುಗಳ ಕಟ್ಟುಗಳನ್ನೂ ಉಳಿಸಿಕೊಳ್ಳಲು ವಿಂಡೋಸ್ ಪ್ರಯತ್ನಿಸುತ್ತದೆ, ಬಹುಪಾಲು ಉಳಿಯುತ್ತವೆ ಕೂಡ. ಎಲ್ಲ ಅಳಿಸಿ ಹೊಸದಾಗಿ ಹಾಕುವುದು ಇನ್ನೊಂದು. ನಮ್ಮ ಕಡೆ 'ಫಾರ್ಮ್ಯಾಟ್ ಹೊಡೆಸೋದು' ಅನ್ನುತ್ತಾರಲ್ಲ, ಅದು. ಇದರಲ್ಲಿ ಮೂರನೆಯವರ ತಂತ್ರಾಂಶ ಒಂದೂ ಉಳಿಯುವುದಿಲ್ಲ. ಅಂಗಡಿಯವರಿಗೆ ಇದು ಬೇಗ ಮುಗಿಯುವ ಕೆಲಸ, ಅದಕ್ಕೇ ಅವರಿಗೆ ಇದರ ಮೇಲೆ ಪ್ರೀತಿ ಜಾಸ್ತಿ. ಯಾವ ದಾರಿ ಹಿಡಿಯುತ್ತಾರೆ ಅಂತ ಮೊದಲೇ ಕೇಳಿ. ಮೊದಲನೆಯ ದಾರಿಯಲ್ಲಿ ಹೋದಾಗ ಹಳೆಯ ವಿಂಡೋಸ್ ಒಂದು ಪ್ರತ್ಯೇಕ ಫೋಲ್ಡರಿನಲ್ಲಿ ಸುಮ್ಮನೆ ಕುಳಿತಿರುತ್ತದೆ. ಮನಸ್ಸು ಬದಲಾದರೆ ಹಿಂದಿರುಗಲು ಸಾಮಾನ್ಯವಾಗಿ 10 ದಿನಗಳ ಅವಕಾಶ. ಆಮೇಲೆ ಅದು ತಾನೇ ಅಳಿದುಹೋಗುತ್ತದೆ. ಏನು ಕೆಟ್ಟಿದೆ ಅಂತ ಪರೀಕ್ಷೆ ಮಾಡುವುದಿದ್ದರೆ ಆ ಹತ್ತು ದಿನಗಳ ಒಳಗೇ ಮಾಡಬೇಕು.

ಮರಳಿ ಹಾಕಿದರೆ ಎಲ್ಲವೂ ಸರಿಹೋಗುತ್ತದೆಯೇ ಅಂದರೆ, ಅದೂ ಇಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಇರುವುದು 64 ಬಿಟ್ ಮಾತ್ರ. 32 ಬಿಟ್ಟಿನ ಹಳೆಯ ತಂತ್ರಾಂಶಗಳನ್ನು ಅದು ಓಡಿಸುತ್ತದೆ. ಅದಕ್ಕಿಂತ ಹಳೆಯ 16 ಬಿಟ್ಟಿನವನ್ನು ಓಡಿಸುವುದಿಲ್ಲ. ಮ್ಯಾಕ್ ಇನ್ನೂ ಕಟ್ಟುನಿಟ್ಟು: 2019ರ ಕ್ಯಾಟಲಿನಾ ಆವೃತ್ತಿಯಿಂದ 32 ಬಿಟ್ ತಂತ್ರಾಂಶಗಳನ್ನೂ ಕೈಬಿಟ್ಟಿತು. ಉಪಕರಣಗಳೊಂದಿಗೆ ಮಾತಾಡುವ ಡ್ರೈವರ್ ಎಂಬ ತುಂಡುಗಳಂತೂ 64 ಬಿಟ್ಟಿನವೇ ಆಗಿರಬೇಕು.

ತಿರುಪ್ಪೂರಿನಲ್ಲಿ ಇದು ಹೊಟ್ಟೆಪಾಡಿನ ಮಾತು. ಬನಿಯನ್ ಬಟ್ಟೆಯ ಮೇಲೆ ಕಸೂತಿ ಹಾಕುವ ಕಂಪ್ಯೂಟರ್ ಯಂತ್ರಗಳಿಗೆ ವಿನ್ಯಾಸ ಬರೆಯುವ ತಂತ್ರಾಂಶ ದುಬಾರಿ. ಕದ್ದು ನಕಲು ಮಾಡಬಾರದೆಂದು ಅದರ ಜೊತೆ ಡಾಂಗಲ್ ಎಂಬ ಬೀಗದಂಥ ಸಣ್ಣ ಉಪಕರಣ ಕೊಡುವುದುಂಟು. ಅದನ್ನು ಚುಚ್ಚಿದರೆ ಮಾತ್ರ ತಂತ್ರಾಂಶ ಬಾಗಿಲು ತೆರೆಯುತ್ತದೆ. ಆ ಬೀಗಕ್ಕೆ ಹೊಸ ವ್ಯವಸ್ಥೆಯ ಡ್ರೈವರ್ ಸಿಗಲಿಲ್ಲ ಅನ್ನಿ, ದುಡ್ಡು ಕೊಟ್ಟು ಕೊಂಡವರೂ ಹೊರಗೇ ನಿಲ್ಲಬೇಕು. ಆಗ ಅವರ ಕೈಹಿಡಿಯುವುದು ಏನು ಗೊತ್ತೇ? ಡಿಎಸ್‌ಟಿ ಎಂಬ ಫೈಲು ರೂಪ. ಸೂಜಿ ಎಲ್ಲಿಂದ ಎಲ್ಲಿಗೆ ಸರಿಯಬೇಕು ಎಂಬುದನ್ನಷ್ಟೇ ಬರೆದಿಟ್ಟ ರೂಪ ಅದು, ಹೆಚ್ಚಿನ ಕಸೂತಿ ಯಂತ್ರಗಳಿಗೆ ಅರ್ಥವಾಗುತ್ತದೆ. ವಿನ್ಯಾಸವನ್ನು ತಂತ್ರಾಂಶದ ಸ್ವಂತ ರೂಪದಲ್ಲಿ ಮಾತ್ರ ಇಟ್ಟವರು ಸಿಕ್ಕಿಬೀಳುತ್ತಾರೆ. ಡಿಎಸ್‌ಟಿಯಲ್ಲೂ ಒಂದು ಪ್ರತಿ ಇಟ್ಟವರು ಕೆಲಸ ಮುಂದುವರಿಸುತ್ತಾರೆ, ತಿದ್ದುವುದು ಸ್ವಲ್ಪ ಕಷ್ಟ ಅಷ್ಟೇ.

ಇದನ್ನು ನೆನಪಿಟ್ಟುಕೊಂಡು ನಮ್ಮ ಕನ್ನಡದ ಕಡೆ ಬನ್ನಿ. ಅಲ್ಲಿ ಕಥೆ ಇನ್ನೂ ಸ್ವಾರಸ್ಯ.

ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಅಂತ ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಗಡಿ ಬದಲಾಯಿತು, ಮನೆಮಾತು ಬದಲಾಗಲಿಲ್ಲ. ಈ ಎರಡು ಜಿಲ್ಲೆಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಈಗಲೂ ಇವೆ. ಶಾಲೆಯಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ತಮಿಳು. ಹಾಗಾಗಿ ಇಲ್ಲಿ ಕನ್ನಡ ಹೆಚ್ಚಾಗಿ ಬಾಯಲ್ಲೇ ಇದೆ, ಕಾಗದದ ಮೇಲೆ ಕಡಿಮೆ. ಅಂಥ ಕಡೆ ಯಾರೋ ಒಬ್ಬರು ಅಜ್ಜಿಯ ಮದುವೆ ಹಾಡುಗಳನ್ನೋ ಹಬ್ಬದ ಆಚರಣೆಯ ವಿವರವನ್ನೋ ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದರೆ, ಅದಕ್ಕೆ ಇನ್ನೊಂದು ಪ್ರತಿ ಬೇರೆಲ್ಲೂ ಇರುವುದಿಲ್ಲ. ಟೈಪ್ ಮಾಡಿದ್ದು ಹದಿನೈದು ಇಪ್ಪತ್ತು ವರ್ಷದ ಹಿಂದೆ ಅಂದರೆ, ಅದು ನುಡಿಯಲ್ಲೋ ಬರಹದಲ್ಲೋ ಇರುವ ಸಂಭವವೇ ಹೆಚ್ಚು.

ಹೊಸ ಓಎಸ್ ಹಾಕಿದ ಮೇಲೆ ಆ ಫೈಲು ತೆರೆಯಿರಿ. 'ಕನ್ನಡ' ಎಂಬ ಪದ ಇದ್ದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಇರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಬಿ ಥರ ಕಾಣುವ ಒಂದು ಜರ್ಮನ್ ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಅದೇ ಎ. ಒಟ್ಟು ಏಳು ಚಿಹ್ನೆ. "ವೈರಸ್ ಬಂದಿದೆ" ಅಂತ ಅಳಿಸಿಹಾಕುವವರು ಇದ್ದಾರೆ. ದಯವಿಟ್ಟು ಅಳಿಸಬೇಡಿ! ಫೈಲಿಗೆ ಏನೂ ಆಗಿಲ್ಲ. ಅದು ಮೊದಲಿನಿಂದಲೂ ಹಾಗೇ ಇತ್ತು.

ಹೇಗೆ ಅಂದರೆ, ಕಂಪ್ಯೂಟರಿಗೆ ಗೊತ್ತಿರುವುದು ಸಂಖ್ಯೆ ಮಾತ್ರ. ಹಳೆಯ ಪದ್ಧತಿಯಲ್ಲಿ ಒಂದು ಚಿಹ್ನೆಗೆ ಒಂದು ಬೈಟ್, ಅಂದರೆ 256 ಖಾನೆಗಳು ಮಾತ್ರ. ಮೊದಲ ಅರ್ಧ ಇಂಗ್ಲಿಷಿಗೆ ಹೋಯಿತು. ಉಳಿದದ್ದು ಯೂರೋಪಿನ ಇತರ ಭಾಷೆಗಳ ಪಾಲಾಯಿತು. ಕನ್ನಡಕ್ಕೆ ಖಾನೆಯೇ ಇರಲಿಲ್ಲ. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ಆಕಾರಗಳು, 256ರಲ್ಲಿ ತುಂಬುವುದಾದರೂ ಹೇಗೆ? ಆಗಿನ ನಮ್ಮ ತಂತ್ರಜ್ಞರು ಜಾಣತನದ ಉಪಾಯ ಹೂಡಿದರು. ಅಕ್ಷರಗಳನ್ನು ತುಂಡು ಮಾಡಿದರು. ತಲೆಕಟ್ಟು ಬೇರೆ, ಮೈ ಬೇರೆ, ಒತ್ತು ಬೇರೆ. ಆ ತುಂಡುಗಳನ್ನು ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳ ಖಾನೆಗಳಲ್ಲೇ ಕೂರಿಸಿ ಫಾಂಟ್ ಮಾಡಿದರು.

ನುಡಿಯ ಹಳೆಯ ಫಾಂಟಿನಲ್ಲಿ 'ಕನ್ನಡ' ಹೀಗಿದೆ: 80, 192, 163, 192, 223, 113, 192. ಇದರಲ್ಲಿ 80 ಎಂದರೆ ತಲೆಕಟ್ಟಿಲ್ಲದ ಕ. 192 ಎಂದರೆ ತಲೆಕಟ್ಟು, ಅದಕ್ಕೇ ಮೂರು ಸಲ ಬಂದಿದೆ. 163 ಎಂದರೆ ನ, 223 ಎಂದರೆ ನ ಒತ್ತು, 113 ಎಂದರೆ ಡ. ನುಡಿ ಫಾಂಟ್ ಇದ್ದಾಗ ಈ ಏಳು ತುಂಡು ಸೇರಿ ಅಂದವಾದ 'ಕನ್ನಡ' ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಕಂಪ್ಯೂಟರ್ ಆ ಖಾನೆಗಳ ಮೂಲ ಒಡೆಯರನ್ನು ತೋರಿಸುತ್ತದೆ. ಪಿ, ಎ, ಪೌಂಡ್. ಅಂದರೆ ಕನ್ನಡ ಇದ್ದದ್ದು ಫೈಲಿನಲ್ಲಿ ಅಲ್ಲ, ಫಾಂಟಿನಲ್ಲಿ!

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರು ಬರಹವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿತು. ಇವೆರಡೂ ಇರದಿದ್ದರೆ ಆ ಕಾಲದಲ್ಲಿ ಸಾಮಾನ್ಯರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಅವರನ್ನು ಇವತ್ತು ದೂರುವುದು ತಪ್ಪು. ಬೇರೆ ದಾರಿಯೇ ಇಲ್ಲದಾಗ ಮಾಡಿದ ಕೆಲಸ ಅದು. ಮುದ್ರಣಾಲಯಗಳಲ್ಲಿ ಬಳಕೆಯಲ್ಲಿದ್ದ ಶ್ರೀಲಿಪಿ, ಆಕೃತಿ ಮುಂತಾದವುಗಳ ಖಾನೆಗಳ ಹಂಚಿಕೆ ಬೇರೆಯೇ ಇತ್ತು ಎಂಬುದು ಮಾತ್ರ ತಲೆನೋವಿನ ಸಂಗತಿ. ಒಂದರಲ್ಲಿ ಬರೆದದ್ದನ್ನು ಇನ್ನೊಂದು ಓದಲಾರದು.

ಯೂನಿಕೋಡ್ ಬಂದು ಈ ಇಕ್ಕಟ್ಟು ಬಿಡಿಸಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಖಾನೆಗಳಿದ್ದವು. ಅದರಲ್ಲಿ 'ಕನ್ನಡ' ಐದೇ ಸಂಖ್ಯೆ: 3221, 3240, 3277, 3240, 3233. ಅಂದರೆ ಕ, ನ, ವಿರಾಮ ಚಿಹ್ನೆಯಾದ ಅರ್ಧಾಕ್ಷರದ ಕೊಂಬು, ನ, ಡ. ತಲೆಕಟ್ಟಿಗೆ ಸಂಖ್ಯೆಯಿಲ್ಲ. ಅದನ್ನು ಬಿಡಿಸುವುದು, ಎರಡನೆಯ ನಕಾರವನ್ನು ಕೆಳಗಿಳಿಸಿ ಒತ್ತು ಮಾಡುವುದು, ಇವೆಲ್ಲ ಓಎಸ್ ಮತ್ತು ಫಾಂಟ್ ಸೇರಿ ತೋರಿಸುವಾಗ ಮಾಡುವ ಕೆಲಸ. ಫೈಲಿನಲ್ಲಿ ಇರುವುದು ಚಿತ್ರದ ತುಂಡಲ್ಲ, ಅಕ್ಷರವೇ. ವಿಂಡೋಸಿನಲ್ಲಿ ಈ ಸೌಲಭ್ಯ ಎಕ್ಸ್‌ಪಿ ಕಾಲದಿಂದ ತುಂಗಾ ಎಂಬ ಫಾಂಟಿನೊಂದಿಗೆ ಬಂತು. ಈಗಿನ ವಿಂಡೋಸ್ ಹೊಸದಾಗಿ ಹಾಕಿದರೆ ತುಂಗಾ ಇಲ್ಲದಿರಬಹುದು, ಬೇಕಾದವರು ಸೆಟ್ಟಿಂಗ್ಸಿನಿಂದ ಸೇರಿಸಿಕೊಳ್ಳಬೇಕು. ಆದರೂ ತುಂಗಾದಲ್ಲಿ ಬರೆದ ಫೈಲು ಕನ್ನಡವಾಗಿಯೇ ತೆರೆಯುತ್ತದೆ. ನಿರ್ಮಲಾ ಎಂಬ ಇನ್ನೊಂದು ಫಾಂಟ್ ಆ ಕೆಲಸ ವಹಿಸಿಕೊಳ್ಳುತ್ತದೆ. ಅಕ್ಷರದ ಅಂದ ಬದಲಾಯಿತು, ಅಕ್ಷರ ಹೋಗಲಿಲ್ಲ. ನುಡಿಯ ಹಳೆಯ ಫೈಲಿಗೂ ಇದಕ್ಕೂ ಇರುವ ಅಂತರ ಇಷ್ಟೇ, ಇಷ್ಟು ಸಾಕು.

ತಮಿಳಿನವರಿಗೂ ಇದೇ ಪಾಡಿತ್ತು. ಒಂದೊಂದು ಸಂಸ್ಥೆಗೆ ಒಂದೊಂದು ಫಾಂಟು, ಒಂದೊಂದು ಕೀಲಿಮಣೆ. 1999ರಲ್ಲಿ ಚೆನ್ನೈಯಲ್ಲಿ ನಡೆದ ಸಮ್ಮೇಳನದಿಂದ ತಮಿಳ್99 ಕೀಲಿಮಣೆ ವಿನ್ಯಾಸ ಬಂತು. 2010ರ ಜೂನ್‌ನಲ್ಲಿ ಕೊಯಮತ್ತೂರಿನಲ್ಲೇ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನ ನಡೆಯಿತು, ಅದರ ಜೊತೆಗೆ ತಮಿಳು ಇಂಟರ್‌ನೆಟ್ ಸಮ್ಮೇಳನವೂ. ಆ ಹೊತ್ತಿಗೇ ತಮಿಳುನಾಡು ಸರ್ಕಾರ ಯೂನಿಕೋಡನ್ನು ಮಾನಕವಾಗಿ ಒಪ್ಪಿಕೊಂಡಿತು. ಪಕ್ಕದ ಮನೆಯವರ ಅನುಭವ ನೋಡಿ ಕಲಿಯುವುದಕ್ಕೆ ನಮಗೆ ದೂರ ಹೋಗಬೇಕಾಗಿಲ್ಲ.

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇಳಬಹುದು, "ನಮ್ಮ ಲ್ಯಾಬಿನಲ್ಲಿ ಲಿನಕ್ಸ್ ಇದೆಯಲ್ಲಾ?" ಹೌದು. ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗಾಗಿ ಉಬುಂಟು ಆಧಾರದ ಮೇಲೆ ಒಂದು ವ್ಯವಸ್ಥೆ ಸಿದ್ಧಮಾಡಿ ಕೊಡುತ್ತದೆ. ಪಾಠಕ್ಕೆ ಬೇಕಾದ ತಂತ್ರಾಂಶಗಳು ಅದರೊಳಗೇ ತುಂಬಿರುತ್ತವೆ. ಆವೃತ್ತಿ ಬದಲಾದಾಗ ಶಾಲೆಶಾಲೆಯಲ್ಲೂ ಒಂದೊಂದನ್ನೇ ಹುಡುಕಿ ಹಾಕುವ ಪಾಡು ತಪ್ಪುತ್ತದೆ. ಆದರೆ ಹೊರಗಿನಿಂದ ಸೇರಿಸಿಕೊಂಡದ್ದು ಇದ್ದರೆ ಲಿನಕ್ಸಿನಲ್ಲೂ ಎಚ್ಚರ ಬೇಕು. ಉಬುಂಟು ದೊಡ್ಡ ಆವೃತ್ತಿಗೆ ಏರುವಾಗ ಹೊರಗಿನವರ ತಂತ್ರಾಂಶ ಮೂಲಗಳನ್ನು ತಾನೇ ಬಂದ್ ಮಾಡುತ್ತದೆ. ಏರಿದ ಮೇಲೆ ನಾವೇ ನೋಡಿ ಮತ್ತೆ ತೆರೆಯಬೇಕು.

ಸರಿ, ಈಗ ಮಾಡುವುದೇನು? ಓಎಸ್ ಬದಲಾಯಿಸುವ ಮೊದಲು ಇರುವ ತಂತ್ರಾಂಶಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಕೈಯಿಂದ ಬರೆದುಕೊಳ್ಳಿ. ಕಂಪ್ಯೂಟರಿನಲ್ಲೇ ಬರೆದಿಟ್ಟು ಅದನ್ನೇ ಫಾರ್ಮ್ಯಾಟ್ ಮಾಡಿಸುವ ಜಾಣರೂ ಉಂಟು. ಹಣ ಕೊಟ್ಟು ಕೊಂಡ ತಂತ್ರಾಂಶವಾದರೆ ಪರವಾನಗಿ ಸಂಖ್ಯೆಯನ್ನೂ ಬರೆದುಕೊಳ್ಳಿ. ಕೆಲವು ತಂತ್ರಾಂಶಗಳ ಪರವಾನಗಿಯನ್ನು ಹಳೆಯ ವ್ಯವಸ್ಥೆಯಿಂದ ಮೊದಲು ಬಿಡಿಸಬೇಕು. ಇಲ್ಲದಿದ್ದರೆ ಹೊಸದರಲ್ಲಿ ಹಾಕುವಾಗ 'ಈಗಾಗಲೇ ಬಳಕೆಯಲ್ಲಿದೆ' ಅನ್ನುತ್ತದೆ. ಫಾಂಟುಗಳ ಫೋಲ್ಡರಿನಿಂದ ಕನ್ನಡ ಫಾಂಟುಗಳನ್ನು ಪೆನ್‌ಡ್ರೈವಿಗೆ ನಕಲು ಮಾಡಿ. ಇದೊಂದು ವಿಷಯದಲ್ಲಿ ನಕಲು ಸಾಕಾಗುತ್ತದೆ: ಹಳೆಯ ಫೈಲನ್ನು ಬರೀ ಓದಬೇಕಾದರೆ ನುಡಿ ತಂತ್ರಾಂಶ ಪೂರ್ತಿ ಬೇಡ, ಆ ಫಾಂಟ್ ಒಂದನ್ನು ಹೊಸ ವ್ಯವಸ್ಥೆಗೆ ಸೇರಿಸಿದರೆ ಅಕ್ಷರ ಮರಳುತ್ತದೆ. ಟೈಪ್ ಮಾಡಬೇಕಾದರೆ ಮಾತ್ರ ತಂತ್ರಾಂಶ ಬೇಕು.

ಆ ತಂತ್ರಾಂಶವನ್ನು ಅದನ್ನು ಮಾಡಿದವರ ತಾಣದಿಂದಲೇ ಇಳಿಸಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕನ್ನಡ ಕೀಲಿಮಣೆ ತಂತ್ರಾಂಶ ಕೆಲಸ ಮಾಡುವುದು ಹೇಗೆ? ನೀವು ಒತ್ತುವ ಪ್ರತಿ ಕೀಲಿಯನ್ನೂ ನಡುದಾರಿಯಲ್ಲಿ ಹಿಡಿದು, ಕನ್ನಡವಾಗಿ ಬದಲಿಸಿ ಮುಂದೆ ಕಳಿಸುತ್ತದೆ. ಪಾಸ್‌ವರ್ಡ್ ಕದಿಯುವ ಕಳ್ಳ ತಂತ್ರಾಂಶಗಳೂ ಕೀಲಿಗಳನ್ನು ಹೀಗೇ ನಡುದಾರಿಯಲ್ಲಿ ಹಿಡಿಯುತ್ತವೆ. ಯಾವುದೋ ಗೊತ್ತಿಲ್ಲದ ತಾಣದಲ್ಲಿ 'ಉಚಿತ' ಅಂತ ಸಿಕ್ಕಿದ್ದನ್ನು ಈ ಕೆಲಸಕ್ಕೆ ನಂಬಬಾರದು. ಹೊಸದಾಗಿ ಕಲಿಯುವವರಿಗೆ ಹೊರಗಿನ ತಂತ್ರಾಂಶವೇ ಬೇಡ ಎಂಬುದು ನನ್ನ ಅಭಿಪ್ರಾಯ. ವಿಂಡೋಸಿನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಇದೆ, 2019ರಿಂದ ಉಚ್ಚಾರಣೆಯಂತೆ ಟೈಪ್ ಮಾಡುವ ಕೀಲಿಮಣೆಯೂ ಇದೆ. ನುಡಿಯ ವಿನ್ಯಾಸಕ್ಕೇ ಬೆರಳು ಒಗ್ಗಿಹೋದ ಮೇಷ್ಟ್ರುಗಳಿಗೆ ಹಾಗೆ ಹೇಳಿದರೆ ಕೇಳುವುದಿಲ್ಲ ಬಿಡಿ. ಅವರು ನುಡಿಯ ಹೊಸ ಆವೃತ್ತಿ ಹಾಕಿಕೊಂಡು ಅದರಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಳ್ಳಲಿ. ಲಿನಕ್ಸಿನಲ್ಲಾದರೆ ಗಣಕ ಪರಿಷತ್ತಿನ ವಿನ್ಯಾಸವೇ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ.

ನಿಮ್ಮ ಮನೆಯ ಹಳೆಯ ಫೈಲು ಯಾವ ಜಾತಿಯದು ಅಂತ ಪರೀಕ್ಷಿಸಲು ಸುಲಭದ ಪ್ರಯೋಗವಿದೆ. ಒಂದು ಸಾಲನ್ನು ನಕಲು ಮಾಡಿ ನೋಟ್‌ಪ್ಯಾಡಿಗೆ ಅಂಟಿಸಿ. ಕನ್ನಡವಾಗಿಯೇ ಉಳಿದರೆ ಯೂನಿಕೋಡ್. ಪಿ, ಎ, ಪೌಂಡ್ ಆದರೆ ಹಳೆಯ ಪದ್ಧತಿ. ಪಿಡಿಎಫ್ ಮಾಡಿಟ್ಟಿದ್ದೇವೆ, ಇನ್ನು ಭಯವಿಲ್ಲ ಅಂದುಕೊಳ್ಳಬೇಡಿ. ಪಿಡಿಎಫಿನೊಳಗೆ ಫಾಂಟ್ ಸೇರಿಕೊಂಡಿರುವುದರಿಂದ ನೋಡಲು ಚೆನ್ನಾಗಿಯೇ ಕಾಣುತ್ತದೆ, ಒಳಗಿನ ಸಂಖ್ಯೆಗಳು ಮಾತ್ರ ಹಳೆಯವೇ. ಅದರಲ್ಲಿ ಒಂದು ಪದ ಹುಡುಕಿ ನೋಡಿ, ಸಿಗುವುದಿಲ್ಲ.

ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ನುಡಿ, ಬರಹಗಳೊಂದಿಗೇ ಬರುತ್ತವೆ. ಮೂಲ ಫೈಲನ್ನು ಹಾಗೇ ಇಟ್ಟು ಅದರ ನಕಲಿನ ಮೇಲೆ ಪ್ರಯೋಗ ಮಾಡಿ. ಪರಿವರ್ತಕ ಎಡವುವುದು ಎಲ್ಲಿ ಅಂತಲೂ ತಿಳಿದಿರಲಿ. ಒಂದು, ಅರ್ಕಾವತ್ತು. 'ಸೂರ್ಯ' ಬರೆಯುವಾಗ ಹಳೆಯ ಪದ್ಧತಿ ಕಣ್ಣಿಗೆ ಕಂಡಂತೆ ಮೊದಲು ಯ, ಆಮೇಲೆ ಅರ್ಕಾವತ್ತು ಇಡುತ್ತದೆ. ಯೂನಿಕೋಡ್ ಬಾಯಲ್ಲಿ ಹೇಳುವಂತೆ ರಕಾರವನ್ನು ಮೊದಲು ಇಡುತ್ತದೆ. ಪರಿವರ್ತಕ ಹಿಂದಕ್ಕೆ ಹೋಗಿ ಜಾಗ ಅದಲುಬದಲು ಮಾಡಬೇಕು. ಇನ್ನೊಂದು, ನಡುವೆ ಬಂದ ಇಂಗ್ಲಿಷ್ ಪದಗಳು. ದೊಡ್ಡ ಪಿ ಕಂಡಲ್ಲೆಲ್ಲ ಅದು ಕಕಾರದ ತುಂಡು ಅಂತಲೇ ಅದಕ್ಕೆ ಅನಿಸುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿದ್ದ ಹೆಸರು, ವಿಳಾಸಗಳು ಅರ್ಥವಿಲ್ಲದ ಕನ್ನಡವಾಗುತ್ತವೆ.

ಹಾಡಿನ ಫೈಲಾದರೆ ಇನ್ನೂ ಒಂದು ತೊಡಕು. ಕೊಯಮತ್ತೂರಿನ ಮನೆಯ ಕನ್ನಡ, ಪಠ್ಯಪುಸ್ತಕದ ಕನ್ನಡ ಅಲ್ಲ. ಅಲ್ಲಿನ ಪದ ನಿಮಗೆ ತಪ್ಪೆಂದು ಕಂಡರೂ ಅದು ಸರಿಯಾದದ್ದೇ ಇರಬಹುದು, ಪರಿವರ್ತಕದ ಎಡವಟ್ಟೂ ಇರಬಹುದು. ಕಾಗುಣಿತ ತಿದ್ದುವ ತಂತ್ರಾಂಶಕ್ಕೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಆ ಹಾಡು ಗೊತ್ತಿರುವ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿ. "ಹಂಗಲ್ಲ ಕಣೋ" ಅಂತ ಅವರು ತಡೆದ ಕಡೆ ನಿಂತು, ಹಳೆಯ ಫಾಂಟ್ ಹಾಕಿ ಮೂಲ ಫೈಲು ತೆರೆದು, ಎರಡನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿ.